ತಕ್ಕಡಿ ಹಿಡಿಯುವ ಮೊದಲು

ಬೆಂಗಳೂರಿನ ನಾಗರಬಾವಿಯಲ್ಲಿ ಸಂಘದ ವತಿಯಿಂದ ಕಾಫಿ ಪುಡಿಯ ಮಳಿಗೆಯೊಂದನ್ನು ತೆರೆಯಬೇಕೆಂದು ಕೆಲವು ಸದಸ್ಯ ಬಾಂಧವರು ಒತ್ತಾಯಿಸುತ್ತಿದ್ದಾರೆ. ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರುವ ಸಂಭವವೂ ಇದೆ. ಸಲಹೆ ಒಳ್ಳೆಯದೇ. ಆದರೆ ಇದುವರೆಗೆ ನಡೆದ ಮಾತುಕತೆಯೆಲ್ಲ ಬಾಡಿಗೆ ಎಷ್ಟು, ಮುಂಗಡ ಎಷ್ಟು, ಹುರಿಯುವ ಯಂತ್ರ ಯಾವುದು, ನಾಮಫಲಕ ಎಷ್ಟು ಉದ್ದ ಎಂಬುದರ ಸುತ್ತಲೇ ತಿರುಗಿದೆ. ಮಳಿಗೆಯಲ್ಲಿ ನಿಂತು ಮಾರುವವರು ಯಾರು, ಅವರು ಎಂಥವರಾಗಿರಬೇಕು ಎಂದು ಯಾರೂ ಕೇಳಿದಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮಳಿಗೆಯ ಅಳಿವು ಉಳಿವು ನಿಂತಿರುವುದು ಈ ಕೇಳದೆ ಬಿಟ್ಟ ಪ್ರಶ್ನೆಯ ಮೇಲೆ.

ನಾಗರಬಾವಿಯ ಆಯ್ಕೆಯ ಬಗ್ಗೆ ನಮ್ಮ ತಕರಾರಿಲ್ಲ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರು ಇಂದು ವಿಜಯನಗರ, ಚಂದ್ರಾ ಲೇಔಟ್‌ಗಳ ಜೊತೆ ಬೆರೆತು ದೊಡ್ಡ ಬಡಾವಣೆಯಾಗಿದೆ. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಅಲ್ಲಿದೆ. ರಾಷ್ಟ್ರೀಯ ಕಾನೂನು ಶಾಲೆ ಅಲ್ಲಿದೆ. ಜ್ಞಾನಭಾರತಿ ಮಗ್ಗುಲಲ್ಲೇ ಇದೆ. ಮಲೆನಾಡು, ಹಾಸನ, ಕರಾವಳಿಗಳ ಕಡೆಯಿಂದ ಹೋಗಿ ಮನೆ ಕಟ್ಟಿಕೊಂಡವರೂ ಆ ಭಾಗದಲ್ಲಿ ಕಡಿಮೆಯೇನಲ್ಲ. ನಮ್ಮ ಸದಸ್ಯರ ಮಕ್ಕಳೇ ಹಲವರಿದ್ದಾರೆ. ಬೆಳಿಗ್ಗೆ ಎದ್ದು ಫಿಲ್ಟರಿಗೆ ಬಿಸಿನೀರು ಹಾಕುವ ಮನೆಗಳಿವೆ, ಒಂದೇ ಅಳತೆಯ ರುಚಿ ಬೇಡುವ ದರ್ಶಿನಿ ಹೋಟೆಲುಗಳಿವೆ. ಆದರೆ ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿ ಕೊಡುವ, ಹತ್ತಾರು ವರ್ಷಗಳಿಂದ ಗಿರಾಕಿಗಳನ್ನು ಹಿಡಿದಿಟ್ಟುಕೊಂಡ ಅಂಗಡಿಗಳೂ ಆ ಭಾಗದ ಪೇಟೆಗಳಲ್ಲಿವೆ. ಅವರ ಜೊತೆ ಪೈಪೋಟಿಗೆ ಇಳಿಯುವಾಗ "ನಾವೇ ಬೆಳೆದದ್ದು" ಎಂಬ ಒಂದೇ ಮಾತು ಸಾಲದು.

ಮಾರಾಟ ನಮಗೇಕೆ ಹೊಸದು?

ಕಾಫಿ ಬೆಳೆಗಾರನಿಗೆ ಮಾರುವ ಅಭ್ಯಾಸ ಇಲ್ಲದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಚರಿತ್ರೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಬೆಳೆಗಾರನನ್ನು ಉಳಿಸಲೆಂದು ಪೂಲ್ ಪದ್ಧತಿ ಬಂತು. 1942ರ ಕಾಫಿ ಕಾಯಿದೆ ಅದನ್ನು ಗಟ್ಟಿ ಮಾಡಿತು. ಮನೆ ಖರ್ಚಿಗೆ, ಬೀಜಕ್ಕೆ ಇಟ್ಟುಕೊಂಡದ್ದು ಬಿಟ್ಟು ಉಳಿದ ಕಾಫಿಯೆಲ್ಲ ಪೂಲಿಗೆ ಹೋಗಬೇಕು. ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಹಾಕಿ, ರಸೀದಿ ತಂದು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಬರುವ ಹಣಕ್ಕೆ ಕಾಯುವುದು ಎರಡು ತಲೆಮಾರುಗಳ ವಾಡಿಕೆಯಾಯಿತು. ಆ ಪದ್ಧತಿ ಕಷ್ಟಕಾಲದಲ್ಲಿ ನಮ್ಮನ್ನು ಕಾದದ್ದು ನಿಜ. ಆದರೆ ತನ್ನ ಕಾಫಿಯನ್ನು ಕುಡಿಯುವವನು ಯಾರು, ಅವನಿಗೆ ಏನು ಇಷ್ಟ ಎಂದು ತಿಳಿಯುವ ಅಗತ್ಯವೇ ಬೆಳೆಗಾರನಿಗೆ ಬೀಳಲಿಲ್ಲ. 1992ರಿಂದ ಪೂಲಿನ ಕಟ್ಟು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಬಿಡುಗಡೆಯಾಯಿತು. ಬಾಗಿಲು ತೆರೆಯಿತು, ಹೊರಗೆ ಹೋಗಿ ಮಾರುವ ಅಭ್ಯಾಸವಿದ್ದವರು ನಮ್ಮಲ್ಲಿ ಕೆಲವರು ಮಾತ್ರ.

ಹೊರಗಿನ ಪೇಟೆ ಎಂಥದ್ದೆಂದು ಆಮೇಲೆ ತಿಳಿಯಿತು. 2001ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿದು ಎಷ್ಟೋ ತೋಟಗಳು ಸಾಲದಲ್ಲಿ ಮುಳುಗಿದವು. ಅದೇ ಅರೇಬಿಕಾ 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಈ ಏರಿಳಿತದ ಮೇಲೆ ನಮಗಾಗಲಿ ನಿಮಗಾಗಲಿ ಹಿಡಿತವಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುವುದರಿಂದ ಅಲ್ಲಿ ಸೀನಿದರೆ ಇಲ್ಲಿ ನೆಗಡಿ. ಊರಿನೊಳಗಿನ ಗಿರಾಕಿ ಒಬ್ಬನಿದ್ದರೆ ಬೆಲೆ ಬಿದ್ದ ವರ್ಷ ಅವನೇ ಆಸರೆ. ಮಳಿಗೆಯ ಸಲಹೆಯನ್ನು ನಾವು ತಳ್ಳಿಹಾಕದಿರುವುದು ಈ ಕಾರಣಕ್ಕೇ. ಬೆಲೆ ಚೆನ್ನಾಗಿದ್ದಾಗ ಗಿರಾಕಿಯನ್ನು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆಲೆ ಬಿದ್ದ ಮೇಲೆ ಹುಡುಕಲು ಸಮಯವಿರುವುದಿಲ್ಲ.

ಅಡಿಕೆಯ ಚರಿತ್ರೆ ಸ್ವಲ್ಪ ಬೇರೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ ಹುಟ್ಟಿದವು. 1970ರ ಸುಮಾರಿಗೆ ಧಾರಣೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರಂಥವರು ಓಡಾಡಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ಕ್ಯಾಂಪ್ಕೋ ಇಲ್ಲಿ ಖರೀದಿ ಮಾಡಿ ಕೂರಲಿಲ್ಲ. ಅಡಿಕೆ ತಿನ್ನುವ ಉತ್ತರ ಭಾರತದ ಪೇಟೆಗಳಲ್ಲಿ ತನ್ನದೇ ಡಿಪೋಗಳನ್ನು ತೆರೆಯಿತು. ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸತೊಡಗಿತು. ಬೆಳೆಗಾರರ ಸಂಘ ಮಾರಲಾರದು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಆದರೆ ಅಲ್ಲಿಯೂ ಮಾರುವ ಕೆಲಸ ಸಂಘದ ಸಿಬ್ಬಂದಿಯದ್ದು. ಬಿಡಿ ಬೆಳೆಗಾರ ಅಂಗಳದಿಂದ ಮೂಟೆ ಇಳಿಸಿ ಮನೆಗೆ ಬಂದ. ಗಿರಾಕಿಯ ಮುಖ ನೋಡುವ ಅವಕಾಶ ಅವನಿಗೂ ಸಿಗಲಿಲ್ಲ.

ಮೊದಲು ಒಂದು ಲೆಕ್ಕ

ಮಾರುವವನ ಗುಣ ಯಾವುದೆಂದು ಹೇಳುವ ಮೊದಲು ಅವನ ಮುಂದಿರುವ ಕೆಲಸ ಯಾವುದೆಂದು ನೋಡೋಣ. ಕೆಳಗಿನ ಬೆಲೆಗಳು ಉದಾಹರಣೆಗೆ ಹಿಡಿದವು. ಸದಸ್ಯರು ತಮಗೆ ಸರಿ ಕಂಡ ಅಂಕಿ ಹಾಕಿಕೊಂಡು ನೋಡಬಹುದು.

ಹಸಿ ಬೀಜ ಹುರಿದಾಗ ನೂರಕ್ಕೆ 15ರಿಂದ 20 ಪಾಲು ತೂಕ ಹೋಗುತ್ತದೆ. 18 ಪಾಲು ಹೋಯಿತೆಂದು ಹಿಡಿಯೋಣ. ಬೀಜ ಕಿಲೋಗೆ 400 ರೂಪಾಯಿ ಆದರೆ ಹುರಿದ ಕಾಫಿಗೆ ಆಗಲೇ 488 ರೂಪಾಯಿ ಬಿತ್ತು. ಇದರ ಮೇಲೆ ಹುರಿಯುವ, ಬೀಸುವ, ಪೊಟ್ಟಣ ಕಟ್ಟುವ, ಸಾಗಿಸುವ ಖರ್ಚು. ಇವೆಲ್ಲ ಕಳೆದು ಕಿಲೋಗೆ 100 ರೂಪಾಯಿ ಉಳಿಯಿತೆನ್ನೋಣ. ಮಳಿಗೆಯ ಬಾಡಿಗೆ 30,000, ಸಂಬಳ 20,000, ವಿದ್ಯುತ್ತು ಇತ್ಯಾದಿ 5,000 ಸೇರಿ ತಿಂಗಳಿಗೆ 55,000 ರೂಪಾಯಿ ಆದರೆ, ನಷ್ಟವಿಲ್ಲದೆ ಬಾಗಿಲು ತೆರೆದಿಡಲಿಕ್ಕೇ ತಿಂಗಳಿಗೆ 550 ಕಿಲೋ ಪುಡಿ ಹೋಗಬೇಕು. ತಿಂಗಳಿಗೆ ಒಂದು ಕಿಲೋ ಕೊಳ್ಳುವ ಮನೆಗಳೆಂದರೆ 550 ಮನೆ.

ಈ 550 ಮನೆಗಳು ಒಂದು ಸಲ ಬಂದು ಹೋದರೆ ಸಾಲದು, ಪ್ರತಿ ತಿಂಗಳೂ ಬರಬೇಕು. ಉದ್ಘಾಟನೆಯ ದಿನ ಹಾರ ಹಾಕಿಸಿ, ಅರ್ಧ ಬೆಲೆಗೆ ಹಂಚಿ, ಫೋಟೋ ತೆಗೆಸಿದರೆ ಮೊದಲ ತಿಂಗಳು ಸಾವಿರ ಜನ ಬಂದಾರು. ಎರಡನೆಯ ತಿಂಗಳು ಎಷ್ಟು ಜನ ಬರುತ್ತಾರೆ ಎಂಬುದೇ ನಿಜವಾದ ಮಾರಾಟ. ಇದನ್ನು ನಮ್ಮ ಬೆಳೆಗಾರನಿಗೆ ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದರೂ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಮೊದಲ ವ್ಯಾಪಾರ ಹೂಮಳೆ. ಅದರ ಬೆನ್ನಿಗೆ ಬರುವ ವಿಚಾರಣೆ ಬ್ಯಾಕಿಂಗ್ ಮಳೆ.

ಮಾರುವವನಿಗೆ ಬೇಕಾದ ರೂಢಿಗಳು

ಮಾರುವವನೆಂದರೆ ಪಟಪಟ ಮಾತಾಡುವವನು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. "ಅವನ ಬಾಯಿ ಜೋರು, ಅವನನ್ನೇ ಮಳಿಗೆಗೆ ಹಾಕಿ" ಎಂಬ ಮಾತನ್ನು ಈಗಾಗಲೇ ಕೇಳಿದ್ದೇವೆ. ನಮ್ಮ ಅಭಿಪ್ರಾಯ ಇದಕ್ಕೆ ತಿರುಗಾಮುರುಗ. ಮೊದಲ ಗುಣ ಕೇಳುವ ಕಿವಿ. ಅಮೆರಿಕದ ಡೇಲ್ ಕಾರ್ನೆಗಿ 1936ರಲ್ಲಿ ಬರೆದ, ಜಗತ್ತಿನ ಮಾರಾಟಗಾರರೆಲ್ಲ ಓದಿದ ಪುಸ್ತಕದಲ್ಲೂ ಎದುರಿನವರ ಮಾತನ್ನು ಮನಸ್ಸಿಟ್ಟು ಕೇಳುವುದಕ್ಕೆ ದೊಡ್ಡ ಸ್ಥಾನವಿದೆ.

ಒಂದು ಉದಾಹರಣೆ. ಗೃಹಿಣಿಯೊಬ್ಬರು ಬಂದು, "ನಿಮ್ಮ ಪುಡೀಲಿ ಡಿಕಾಕ್ಷನ್ನೇ ಇಳಿಯಲ್ಲ ಕಣಪ್ಪಾ" ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಬಾಯಿ ಜೋರಿನವನು "ನಮ್ಮದು ಒಂದನೇ ದರ್ಜೆ ಕಾಫಿ ಅಮ್ಮಾ, ಯಾರೂ ಹಾಗಂದಿಲ್ಲ" ಎಂದು ವಾದಿಸುತ್ತಾನೆ. ವಾದದಲ್ಲಿ ಗೆಲ್ಲುತ್ತಾನೆ, ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಕೇಳುವವನು "ಫಿಲ್ಟರ್ ಯಾವುದಮ್ಮಾ? ಪುಡಿ ಒತ್ತಿ ತುಂಬುತ್ತೀರಾ?" ಎಂದು ವಿಚಾರಿಸುತ್ತಾನೆ. ಪುಡಿ ತೀರ ನುಣ್ಣಗಿದ್ದರೂ, ಒತ್ತಿ ತುಂಬಿದರೂ ನೀರು ಇಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತು. ಮುಂದಿನ ಸಲ ತುಸು ತರಿಯಾಗಿ ಬೀಸಿ ಕೊಡುತ್ತಾನೆ, ಆ ಮನೆಯ ಹೆಸರಿನ ಮುಂದೆ "ತರಿ" ಎಂದು ಬರೆದಿಡುತ್ತಾನೆ. ಆ ಮನೆ ಇನ್ನು ನಮ್ಮದು.

ಎರಡನೆಯದು, ತನ್ನ ಹೆಮ್ಮೆಯನ್ನು ಗಿರಾಕಿಯ ನಾಲಿಗೆಯ ಮೇಲೆ ಹೇರದಿರುವುದು. ಚಿಕೋರಿ ಎಂದರೆ ಬೆಳೆಗಾರನಿಗೆ ಮೈ ಉರಿಯುತ್ತದೆ, ಅದು ಸಹಜ. ಆದರೆ ಹುಟ್ಟಿದಾಗಿನಿಂದ ಚಿಕೋರಿ ಬೆರೆತ ಕಾಫಿ ಕುಡಿದವರಿಗೆ ಅಪ್ಪಟ ಕಾಫಿ ತೆಳುವಾಗಿ, ಬಣ್ಣಗೆಟ್ಟಂತೆ ಕಾಣುತ್ತದೆ. "ಚಿಕೋರಿ ಕುಡಿಯುವವರಿಗೆ ಕಾಫಿ ಗೊತ್ತಿಲ್ಲ" ಎಂದು ಉಪದೇಶ ಮಾಡಿದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಪ್ಪಟವನ್ನೂ ಇಡೋಣ, ಬೆರಕೆಯನ್ನೂ ಇಡೋಣ. ಒಂದು ಲೋಟ ಅಪ್ಪಟ ಕಾಫಿ ಕೊಟ್ಟು ರುಚಿ ನೋಡಲು ಹೇಳೋಣ. ಮನಸ್ಸು ಬದಲಾದರೆ ಸಂತೋಷ, ಬದಲಾಗದಿದ್ದರೆ ಅವರ ಇಷ್ಟ.

ಮೂರನೆಯದು ಸತ್ಯ. ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಎಷ್ಟು ಕಾಫಿ ಎಷ್ಟು ಚಿಕೋರಿ ಎಂದು ಪೊಟ್ಟಣದ ಮೇಲೆ ಅಚ್ಚಾಗಿರಬೇಕು ಎಂಬುದು ಕಾನೂನು. ಕಾನೂನಿಗೆ ಹೆದರಿ ಇದನ್ನು ಪಾಲಿಸುವುದು ಬೇರೆ, ರೂಢಿಯಾಗಿ ಪಾಲಿಸುವುದು ಬೇರೆ. ಹುರಿದ ದಿನಾಂಕವನ್ನೂ ಬರೆಯಬೇಕು. ಪುಡಿ ಮಾಡಿದ ಕಾಫಿಯ ಪರಿಮಳ ವಾರಗಳಲ್ಲೇ ಇಳಿಯುತ್ತದೆ. ಹಳೆಯದಾದ ಪೊಟ್ಟಣವನ್ನು ಮುಂದೆ ತಳ್ಳಿ ಮಾರುವ ಬುದ್ಧಿ ಒಂದು ದಿನದ ಲಾಭ ತಂದು ವರ್ಷದ ಗಿರಾಕಿಯನ್ನು ಓಡಿಸುತ್ತದೆ. ಅಡಿಕೆಯಲ್ಲಿ ಇದು ನಮಗೆ ತಿಳಿದದ್ದೇ. ಮೇಲೆ ಒಳ್ಳೆ ಚಾಲಿ ಹರಡಿ, ಅಡಿಗೆ ಕರಿಗೋಟು ಸೇರಿಸಿದ ಮೂಟೆಯ ಧಣಿ ಯಾರೆಂಬುದನ್ನು ಮಂಡಿ ಮರೆಯುವುದಿಲ್ಲ. ಆ ಮಳಿಗೆಯಲ್ಲಿ ಅಡಿಕೆ ಪೊಟ್ಟಣವನ್ನೂ ಇಟ್ಟು "ಆರೋಗ್ಯಕ್ಕೆ ಉತ್ತಮ" ಎಂದು ಬರೆಸೋಣ ಎನ್ನುವವರಿಗೂ ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಬೆಳೆಗಾರನ ಬದುಕಿನ ಪ್ರಶ್ನೆ ದೊಡ್ಡದು, ಅದನ್ನು ಬೇರೆಡೆ ಚರ್ಚಿಸೋಣ. ಗಿರಾಕಿಗೆ ಸುಳ್ಳು ಹೇಳಿ ಮಾತ್ರ ಮಾರುವುದು ಬೇಡ.

ನಾಲ್ಕನೆಯದು "ಬೇಡ" ಎಂಬ ಮಾತನ್ನು ಅರಗಿಸಿಕೊಳ್ಳುವ ಶಕ್ತಿ. ಹತ್ತು ಮನೆಯ ಬಾಗಿಲು ತಟ್ಟಿದರೆ ಎಂಟು ಮನೆಯಲ್ಲಿ ಬೇಡ ಅನ್ನಬಹುದು. ತೋಟದಲ್ಲಿ ನಾಲ್ಕು ಆಳಿಗೆ ಕೆಲಸ ಹೇಳಿ ರೂಢಿಯಾದವರಿಗೆ ಇದು ಅವಮಾನದಂತೆ ಕಾಣುತ್ತದೆ. "ನಾವು ಬೆಳೆಯುವವರು, ಮನೆ ಮನೆಗೆ ಹೋಗಿ ಬೇಡುವವರಲ್ಲ" ಎಂಬ ಮಾತು ಇಲ್ಲಿಂದಲೇ ಹುಟ್ಟುವುದು. ಮಾರುವುದು ಬೇಡುವುದಲ್ಲ. ಒಳ್ಳೆಯ ಮಾಲಿದೆ, ಬೇಕಾದವರಿದ್ದಾರೆ, ನಡುವಿನ ದಾರಿ ನಡೆಯುವವನು ಮಾರುವವನು. ಇಂದು ಬೇಡ ಅಂದವರಿಗೆ ನಮಸ್ಕಾರ ಹೇಳಿ, ಮುಖ ಸಪ್ಪಗೆ ಮಾಡದೆ, ಎರಡು ತಿಂಗಳು ಬಿಟ್ಟು ಮತ್ತೆ ಹೋಗುವವನೇ ನಿಲ್ಲುತ್ತಾನೆ. ಒಂದು ಫಸಲು ಕೈಕೊಟ್ಟಿತೆಂದು ತೋಟ ಕಡಿದು ಹಾಕುವವರು ನಮ್ಮಲ್ಲಿ ಯಾರಿದ್ದಾರೆ?

ಐದನೆಯದು ಪುಸ್ತಕ. ಯಾರಿಗೆ ಯಾವ ಹದದ ಹುರಿತ, ಎಷ್ಟು ಚಿಕೋರಿ, ಯಾವ ತಾರೀಖಿಗೆ ಮುಗಿಯುತ್ತದೆ, ಯಾರು ಎರಡು ತಿಂಗಳಿಂದ ಬಂದಿಲ್ಲ, ಏಕೆ ಬಂದಿಲ್ಲ ಎಂಬುದೆಲ್ಲ ಬರಹದಲ್ಲಿರಬೇಕು. ಫೋನಿನಲ್ಲಿ ಬರೆದರೂ ಸರಿ, ಉದ್ದನೆ ಲೆಕ್ಕದ ಪುಸ್ತಕವಾದರೂ ಸರಿ. ಇದು ಗಿರಾಕಿಗೆ ಮಾತ್ರವಲ್ಲ, ನಮ್ಮ ಅಂಗಳದ ವ್ಯಾಪಾರಕ್ಕೂ ಬೇಕು. 50 ಕಿಲೋ ಚೆರಿ ಮೂಟೆಗೆ ಎಷ್ಟು ಕಿಲೋ ಬೇಳೆ ಬರುತ್ತದೆಂಬ ಔಟ್‌ಟರ್ನ್ ಲೆಕ್ಕವನ್ನು ಕೊಳ್ಳುವವನೇ ಹೇಳಬೇಕೆಂದು ಕಾಯುವ ಬೆಳೆಗಾರರು ಇಂದಿಗೂ ಇದ್ದಾರೆ. ತನ್ನ ಮಾಲಿನ ಲೆಕ್ಕ ತನಗೇ ಗೊತ್ತಿಲ್ಲದವನು ಬೆಲೆ ಕೇಳುವಾಗ ದನಿ ತಗ್ಗುವುದು ಸಹಜ.

ಬೆಂಗಳೂರಿನಲ್ಲೇ ಒಂದು ಪಾಠ

ಮಾರುವವರ ರೂಢಿಗೆ ಎಂಥ ಬೆಲೆಯಿದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಫಿ ಮಂಡಳಿ ನಡೆಸುತ್ತಿದ್ದ ಇಂಡಿಯಾ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ.ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ತಾವೇ ಸಹಕಾರಿ ಸಂಘ ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಹುಟ್ಟಿದ್ದು ಬೆಂಗಳೂರಿನಲ್ಲೇ. ಅವರ ಹಿಂದೆ ದೊಡ್ಡ ಬಂಡವಾಳವಿರಲಿಲ್ಲ. ಇದ್ದದ್ದು ಪೇಟ ಸುತ್ತಿ ಬಂದು ಲೋಟ ಇಡುವ ಕೈ, ಗಿರಾಕಿಯ ಪರಿಚಯ, ಕೈಗೆಟುಕುವ ಬೆಲೆ. ಮಹಾತ್ಮ ಗಾಂಧಿ ರಸ್ತೆಯ ಕಟ್ಟಡವನ್ನು 2009ರಲ್ಲಿ ಬಿಡಬೇಕಾಗಿ ಬಂದಾಗ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋಯಿತು. ಹಳೆಯ ಗಿರಾಕಿಗಳೂ ಹಿಂದೆಯೇ ಹೋದರು. ಕಟ್ಟಡ ಹೋದರೂ ವ್ಯಾಪಾರ ಹೋಗಲಿಲ್ಲ ಎಂಬುದನ್ನು ನಾಮಫಲಕದ ಉದ್ದ ಅಳೆಯುತ್ತಿರುವವರು ಗಮನಿಸಬೇಕು.

ನಮ್ಮ ಸಲಹೆಗಳು

ಹಾಗಾದರೆ ನಾಗರಬಾವಿಯ ಮಳಿಗೆ ಬೇಡವೇ? ಬೇಕು, ಆದರೆ ಮೊದಲ ವರ್ಷ ಬೇಡ. ಮೊದಲ ವರ್ಷ ಗಿರಾಕಿಗಳನ್ನು ಬೆಳೆಸೋಣ. ಆ ಭಾಗದಲ್ಲಿರುವ ಸದಸ್ಯರ ಮಕ್ಕಳು, ನೆಂಟರು, ಅವರ ನೆರೆಹೊರೆಯವರು ಸೇರಿ ನೂರು ಮನೆಗಳ ಪಟ್ಟಿ ಮಾಡುವುದು ಕಷ್ಟವಲ್ಲ. ಪ್ರತಿ ತಿಂಗಳು ಗೊತ್ತಾದ ಒಂದು ಭಾನುವಾರ, ಗೊತ್ತಾದ ಸಮಯಕ್ಕೆ ಪುಡಿ ಅವರ ಮನೆ ತಲುಪಬೇಕು. ಮಳೆ ಬಂದಿತ್ತು, ಜೀಪು ಕೆಟ್ಟಿತ್ತು, ಕೊಯ್ಲಿನ ಗಡಿಬಿಡಿ ಎಂಬ ನೆಪ ನಡೆಯದು. ಹೇಳಿದ ದಿನ ಹೇಳಿದ ಮಾಲು ತಲುಪಿಸುವ ರೂಢಿ ಹನ್ನೆರಡು ತಿಂಗಳು ತಪ್ಪದೆ ನಡೆದರೆ ಆಮೇಲೆ ಬಾಡಿಗೆಯ ಮಾತು.

ಮಾರಲು ಹೋಗುವವರು ಬೆಳೆಗಾರರ ಮನೆಯ ಇಬ್ಬರು ಯುವಕ ಯುವತಿಯರಾಗಲಿ. ಸಂಬಂಧಿ ಎಂಬ ಕಾರಣಕ್ಕೆ ಬೇಡ; ಕೇಳುವ ತಾಳ್ಮೆ, ಬರೆದಿಡುವ ಅಚ್ಚುಕಟ್ಟು ಇದ್ದವರನ್ನು ನೋಡಿ ಆರಿಸಬೇಕು. ಹುರಿಯುವುದು, ರುಚಿ ನೋಡುವುದು ಇವನ್ನು ಕಲಿಸುವ "ಕಾಫಿ ಶಾಸ್ತ್ರ" ಎಂಬ ತರಬೇತಿಯನ್ನು ಕಾಫಿ ಮಂಡಳಿ ಬೆಂಗಳೂರಿನಲ್ಲಿ ನಡೆಸಿಕೊಂಡು ಬಂದಿದೆ; ಅವರನ್ನು ಅಂಥ ತರಬೇತಿಗೆ ಸಂಘದ ಖರ್ಚಿನಲ್ಲಿ ಕಳಿಸಬೇಕು. ತಾವು ಮಾರುವ ಕಾಫಿಯನ್ನು ದಿನವೂ ತಾವೇ ಕುಡಿದು ನೋಡದವರು ಮಾರಕೂಡದು.

ಉದ್ರಿ ಯಾರಿಗೂ ಇಲ್ಲ. ಸಹಕಾರಿ ಅಂಗಡಿಗಳು ಬಾಗಿಲು ಹಾಕುವುದಕ್ಕೆ ದೊಡ್ಡ ಕಾರಣ ಹೊರಗಿನ ಪೈಪೋಟಿಯಲ್ಲ, ಒಳಗಿನ ಉದ್ರಿ. ನಿರ್ದೇಶಕರ ಬೀಗರು ಬಂದರೂ ಹಣ ಕೊಟ್ಟೇ ಒಯ್ಯಲಿ. ಈಗಂತೂ ಫೋನಿನಲ್ಲೇ ಹಣ ಕೊಡಬಹುದಾದ್ದರಿಂದ ಚಿಲ್ಲರೆ ಇಲ್ಲವೆಂಬ ನೆಪವೂ ಇಲ್ಲ. ಹಾಗೆಯೇ ತಿಂಗಳಿಗೆ ಇಷ್ಟು ಮಾರಲೇಬೇಕೆಂಬ ಗುರಿಯನ್ನು ಮಾರುವವರ ತಲೆಯ ಮೇಲೆ ಇಡುವುದನ್ನು ನಾವು ಒಪ್ಪುವುದಿಲ್ಲ. ಗುರಿ ಮುಟ್ಟಿಸಲು ಮನುಷ್ಯ ತಿಂಗಳ ಕೊನೆಗೆ ಬೇಡದವರ ಚೀಲಕ್ಕೂ ಪುಡಿ ತುರುಕುತ್ತಾನೆ. ಹೋದ ತಿಂಗಳು ಕೊಂಡವರಲ್ಲಿ ಎಷ್ಟು ಮನೆ ಈ ತಿಂಗಳೂ ಕೊಂಡವು ಎಂಬ ಒಂದೇ ಅಂಕಿಯನ್ನು ಆಡಳಿತ ಮಂಡಳಿ ಪ್ರತಿ ಸಭೆಯಲ್ಲಿ ಕೇಳಲಿ.

ವರ್ಷದ ಕೊನೆಗೆ ನೂರು ಮನೆ ಮುನ್ನೂರಾಗಿದ್ದರೆ, ಅದರಲ್ಲಿ ಹೆಚ್ಚಿನವು ತಪ್ಪದೆ ಕೊಳ್ಳುತ್ತಿದ್ದರೆ, ಮಳಿಗೆಗೆ ನಾವೇ ಮೊದಲು ಕೈ ಎತ್ತುತ್ತೇವೆ. ಐವತ್ತಕ್ಕೆ ಇಳಿದಿದ್ದರೆ ಕಾರಣ ಪುಸ್ತಕದಲ್ಲೇ ಬರೆದಿರುತ್ತದೆ. ಸದಸ್ಯರ ಷೇರು ಹಣ ಬಾಡಿಗೆಗೆ ಹೋಗದೆ ಉಳಿದಿರುತ್ತದೆ.

ಕಾಫಿ ಗಿಡ ನೆಟ್ಟವನು ಮೂರು ನಾಲ್ಕು ವರ್ಷ ಫಸಲಿಗೆ ಕಾಯುತ್ತಾನೆ, ಅಡಿಕೆ ನೆಟ್ಟವನು ಅದಕ್ಕಿಂತಲೂ ಹೆಚ್ಚು ಕಾಯುತ್ತಾನೆ. ಇಷ್ಟು ತಾಳ್ಮೆಯುಳ್ಳ ಜನಕ್ಕೆ ಗಿರಾಕಿಗಾಗಿ ಒಂದು ವರ್ಷ ದುಡಿಯುವುದು ಭಾರವಾಗಲಾರದು. ಮಹಾಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ನಾಗರಬಾವಿ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ತಮಗೆ ಗೊತ್ತಿರುವ ಎರಡು ಮನೆಗಳಿಗೆ ಮೊದಲೇ ಹೇಳಿ, ಅವರ ಒಪ್ಪಿಗೆ ಪಡೆದು, ಯಾವ ಬಗೆಯ ಕಾಫಿ ಬೇಕೆಂದು ಕೇಳಿ ಬರೆದು ತರಲಿ. ಚರ್ಚೆ ಆ ಪಟ್ಟಿಯಿಂದ ಆರಂಭವಾಗಲಿ.